ಊರಲ್ಲಿ ಜನಕ್ಕೆ ಟೆಲಿಸ್ಕೋಪಲ್ಲಿ ಆಕಾಶ ತೋರ್ಸೋ ರಾತ್ರಿ ಇಟ್ಕೋಬೇಕಾ? ಹೀಗೆ ಮಾಡಿ

ಮೊದ್ಲು ಗೋಡೆ ಮೇಲಿರೋ ಕ್ಯಾಲೆಂಡರ್ ನೋಡಿ. ಡಿಸೆಂಬರಿಂದ ಮಾರ್ಚ್ ಒಳಗೆ, ಶುಕ್ಲ ಪಕ್ಷದ ಪಂಚಮಿಯಿಂದ ಅಷ್ಟಮಿ ಮಧ್ಯೆ ಬರೋ ಶನಿವಾರ ಹಿಡ್ಕೊಳ್ಳಿ. ಹುಣ್ಣಿಮೆಗೆ ಇಡೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಒಪ್ಕೋಬೇಡಿ, ಅವತ್ತು ಬಿಸಿಲು ಚಂದ್ರನ ಮೇಲೆ ನೇರಕ್ಕೆ ಬಿದ್ದು ನೆರಳೇ ಇರಲ್ಲ, ಕುಳಿಗಳೆಲ್ಲ ಚಪ್ಪಟೆ. ಅರ್ಧ ಚಂದ್ರ ಇದ್ರೆ ಬೆಳಕು ಕತ್ತಲೆ ಸೇರೋ ಗೆರೆ ಉದ್ದಕ್ಕೂ ಕುಳಿ, ಬೆಟ್ಟ ಎಲ್ಲ ಎದ್ದು ಕಾಣ್ತವೆ, ಅದನ್ನ ನೋಡಿದ ಮಕ್ಕಳು ಕಣ್ಣು ತೆಗೆಯೋಕೇ ಒಪ್ಪಲ್ಲ.

ಶಾಲೆ ಗ್ರೌಂಡ್ ಸಾಕು, ಲೈಟ್ ಆರಿಸೋಕೆ ಮಾತ್ರ ಮುಂಚೇನೇ ಕೇಳಿಟ್ಕೊಳ್ಳಿ. ಕಣ್ಣು ಕತ್ತಲೆಗೆ ಹೊಂದ್ಕೊಳ್ಳೋಕೆ 20-30 ನಿಮಿಷ ಬೇಕು, ಒಂದು ಮೊಬೈಲ್ ಟಾರ್ಚ್ ಬಿದ್ರೆ ಎಲ್ಲಾ ವಾಪಸ್ ಮೊದಲಿಂದ, ಅದಕ್ಕೇ ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಕಟ್ಟಿ.

ಸಾಲು ನಡೆಸೋದೇ ದೊಡ್ಡ ಕೆಲಸ. ಭೂಮಿ ತಿರುಗ್ತಾ ಇರುತ್ತಲ್ಲ, 8 ಇಂಚು ಅಗಲದ ಕನ್ನಡಿ ಇರೋ, ಕೈಯಲ್ಲೇ ತಿರುಗಿಸೋ ಡಾಬ್ಸೋನಿಯನ್ ಟೆಲಿಸ್ಕೋಪಲ್ಲಿ 150 ಪಟ್ಟು ಹಿಗ್ಗಿಸಿದ್ರೆ ಗುರು ಗ್ರಹ ಒಂದೂಕಾಲು ನಿಮಿಷದಲ್ಲಿ ಆಚೆ ಹೋಗ್ಬಿಡುತ್ತೆ, ಹಿಂದಿನವರು ಖಾಲಿ ಆಕಾಶ ನೋಡಿ ಸಂಕೋಚಕ್ಕೆ "ಹಾಂ ಕಾಣ್ತು" ಅಂತ ಹೋಗ್ತಾರೆ, ಹಾಗಾಗ್ಲೇಬಾರ್ದು. ಅದಕ್ಕೆ ಕಮ್ಮಿ ಹಿಗ್ಗಿಸೋ 25 ಎಂಎಂ ಐಪೀಸ್ (ಕಣ್ಣಿಟ್ಟು ನೋಡೋ ಮಸೂರ) ಹಾಕಿ, ಇಬ್ಬರಿಗೊಂದ್ಸಲ ಸರಿಮಾಡಿ, ಏನು ಕಾಣ್ತು ಅಂತ ಒಬ್ಬೊಬ್ಬರನ್ನೂ ಕೇಳಿ. ಮಕ್ಕಳಿಗೆ ಸ್ಟೂಲ್ ಮರೀಬೇಡಿ.

ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆ, ಅಂದ್ರೆ ಅನಿಲ-ಧೂಳಿನ ಮೋಡ, ತೋರ್ಸೋವಾಗ ಫೋಟೋ ಥರ ಬಣ್ಣ ಇರಲ್ಲ, ಬೂದು ಮಬ್ಬಷ್ಟೇ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ರೆ ಇನ್ನೂ ಚೆನ್ನಾಗಿ ಕಾಣುತ್ತೆ ಅಂತ ಮೊದ್ಲೇ ಹೇಳಿ. ಅದು ಸುಮಾರು 1300 ಜ್ಯೋತಿರ್ವರ್ಷ ದೂರ, ಅಂದ್ರೆ ಬಾದಾಮಿ ಚಾಲುಕ್ಯರು ಆಳ್ತಿದ್ದಾಗ ಹೊರಟ ಬೆಳಕು ಈಗ ನಿಮ್ಮ ಕಣ್ಣಿಗೆ ಬೀಳ್ತಿದೆ. ಇದನ್ನ ಹೇಳಿದ್ರೆ ಜನ ಇನ್ನೊಂದ್ಸಲ ಬಗ್ಗಿ ನೋಡ್ತಾರೆ.

ಸಾಲಲ್ಲಿ ಕಾಯೋವ್ರಿಗೆ ಒಬ್ರು ಬರಿಗಣ್ಣಲ್ಲೇ ಕೃತ್ತಿಕೆ, ರೋಹಿಣಿ, ಲುಬ್ಧಕ, ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರಗಳನ್ನ ತೋರ್ಸ್ತಿರಲಿ. ಅಜ್ಜಿಯರು ಅರುಂಧತಿ ಎಲ್ಲಿ ಅಂತ ಕೇಳ್ತಾರೆ, ಮಾರ್ಚ್ ಕೊನೆಗಾದ್ರೆ ರಾತ್ರಿ ಒಂಬತ್ತಕ್ಕೆ ಈಶಾನ್ಯದಲ್ಲಿ ಅರುಂಧತಿ ಇರೋ ಸಪ್ತರ್ಷಿ ಮಂಡಲ ಮೇಲೆದ್ದಿರುತ್ತೆ, ಟೆಲಿಸ್ಕೋಪಲ್ಲಿ ಪಕ್ಕದ ವಸಿಷ್ಠನೇ ಎರಡಾಗಿ ಕಾಣ್ತಾನೆ. ಅದಕ್ಕೆ ಸಾಲು ಮತ್ತೆ ಬೆಳೆಯುತ್ತೆ, ಗ್ರೌಂಡಿಗೆ ಹನ್ನೊಂದರವರೆಗೂ ಪರ್ಮಿಷನ್ ತಗೊಂಡಿರಿ.