ಹಳೇ ದೀಪ, ಬೀಟೆ ಕುರ್ಚಿ: ಬೆಲೆ ಕೇಳುವ ಮೊದಲು ತಲೆಕೆಳಗು ಮಾಡಿ

ಮೈಸೂರಿನ ಅಗ್ರಹಾರದ ಕಡೆಯೋ, ಮಂಡ್ಯದ ಹಳ್ಳಿಯಲ್ಲೋ ಒಂದು ತೊಟ್ಟಿ ಮನೆ ಕೆಡವಿದರು ಅಂದರೆ ಒಳಗಿನ ಸಾಮಾನು ಚದುರಿಹೋಗಲು ಹೆಚ್ಚು ದಿನ ಬೇಕಿಲ್ಲ. ಕಂಬ, ಬಾಗಿಲು ಹಳೇ ಮರದ ವ್ಯಾಪಾರಿಗೆ. ಹಿತ್ತಾಳೆ ಗುಜರಿಗೆ. ಕುರ್ಚಿ, ಮಂಚ ಪಾಲಿಶ್ ಅಂಗಡಿಗೆ. ಸ್ವಲ್ಪ ದಿನಕ್ಕೆ ಅದೇ ಸಾಮಾನು 'ಆಂಟಿಕ್' ಅನ್ನಿಸಿಕೊಂಡು ಗಾಜಿನ ಹಿಂದೆ ಕೂತಿರುತ್ತದೆ. ಪಕ್ಕದಲ್ಲೇ ಹೋದ ತಿಂಗಳು ಎರಕ ಹೊಯ್ದ ದೀಪವೂ ಇರುತ್ತದೆ, ಅದೇ ಬೆಲೆಗೆ!

ಎರಡನ್ನೂ ಬೇರೆ ಮಾಡುವುದು ಕಷ್ಟವೇನಲ್ಲ. ಎದುರಿಗೆ ಕಾಣುವ ಭಾಗವನ್ನು ಯಾರು ಬೇಕಾದರೂ ಹಳೆಯದಾಗಿ ಕಾಣಿಸಬಹುದು. ಅಡಿ, ಬೆನ್ನು, ಒಳಮೈಗೆ ಯಾರೂ ಅಷ್ಟು ಕಷ್ಟಪಡುವುದಿಲ್ಲ. ಹಾಗಾಗಿ ನೋಡುವುದನ್ನು ಅಲ್ಲಿಂದಲೇ ಶುರು ಮಾಡಿ.

ಮೊದಲು ಕಣ್ಣು ಪಳಗಲಿ

ದುಡ್ಡು ತೆಗೆಯುವ ಮೊದಲು ಒಳ್ಳೆಯ ಸಾಮಾನು ಹೇಗಿರುತ್ತದೆ ಅಂತ ನೋಡಿಕೊಳ್ಳಿ. ಜಗನ್ಮೋಹನ ಅರಮನೆಯ ಆರ್ಟ್ ಗ್ಯಾಲರಿ, ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ ಎರಡೂ ಇದಕ್ಕೆ ಸರಿಯಾದ ಜಾಗ. ತೆರೆದಿದೆಯಾ ಅಂತ ಕೇಳಿಕೊಂಡು ಹೋಗಿ. ದೀಪದ ಆಸೆ ಇದ್ದವರು ನಾಗಮಂಗಲಕ್ಕೂ ಹೋಗಿಬನ್ನಿ. ಅಲ್ಲಿ ಲೋಹದ ಕಸುಬು ಹಳೆಯದು. ಹೊಸ ಎರಕದ ಬಣ್ಣ, ಅಂಚು, ಅರ ಹಾಕಿದ ಗೀರು ಹೇಗಿರುತ್ತವೆ ಅಂತ ತಿಳಿದಿದ್ದರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

ದೀಪ: ಸವೆತ ಎಲ್ಲಿದೆ ನೋಡಿ

ಮೊದಲು ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆ ಲೇಪ. ಮುಂದಿನ ಮಾತೇ ಬೇಡ.

ಆಮೇಲೆ ಸವೆತ. ಕಪ್ಪಾಗಿದೆ ಅಂದ ಮಾತ್ರಕ್ಕೆ ಹಳೆಯದು ಅಂತ ಸುಮಾರು ಜನ ನಂಬುತ್ತಾರೆ. ನಮ್ಮ ಮನೆಗಳ ದೀಪದ ಕತೆ ಅದಕ್ಕೆ ಉಲ್ಟಾ ಅಲ್ವಾ? ವಾರಾವಾರ ಹುಣಸೆಹಣ್ಣು ಹಚ್ಚಿ ಉಜ್ಜಿಸಿಕೊಂಡ ದೀಪ ಅದು. ಗಜಲಕ್ಷ್ಮಿ ದೀಪವಾದರೆ ಲಕ್ಷ್ಮಿಯ ಮೂಗು, ಆನೆಯ ಸೊಂಡಿಲು ಮೊಂಡಾಗಿರಬೇಕು. ಕೈ ಹಿಡಿಯುವ ಕಾಂಡ ನುಣುಪಾಗಿರಬೇಕು. ಬೆರಳು ಹೋಗದ ಸಂದಿಯಲ್ಲಿ ಮಾತ್ರ ಎಣ್ಣೆ ಜಿಡ್ಡು ಕಲ್ಲಿನಂತೆ ಗಟ್ಟಿಯಾಗಿ ಕೂತಿರಬೇಕು. ಮೂಗು ಚೂಪಾಗಿದೆ, ಮೈಯೆಲ್ಲ ಒಂದೇ ಸಮ ಕಪ್ಪು ಅಂದರೆ ಅದು ಆಸಿಡ್ಡಿನ ಕೆಲಸ.

ಮಗುಚಿ ನೋಡಿ. ನೆಲಕ್ಕೆ ತಾಗುವ ಅಂಚಿನಲ್ಲಿ ದಿಕ್ಕಿಲ್ಲದ ಸಣ್ಣ ಗೀರುಗಳಿರಬೇಕು. ಉಜ್ಜುಕಾಗದ ಹಾಕಿದ್ದರೆ ಗೀರೆಲ್ಲ ಒಂದೇ ಕಡೆಗೆ ಓಡುತ್ತವೆ. ಕಾಲುದೀಪವಾದರೆ ಬಿಚ್ಚಿ, ತಟ್ಟೆ, ಕಾಂಡ, ಬುಡ ಬೇರೆ ಬೇರೆ ಇಡಿ. ಮೂರರ ಒಳಬಣ್ಣ ಒಂದೇ ಇದೆಯಾ? ಎರಡು ಮುರುಕು ದೀಪ ಸೇರಿಸಿ ಒಂದು ಮಾಡಿದವು ಬಹಳ ಇವೆ. ಅವು ಸುಳ್ಳಲ್ಲ, ಆದರೆ ಇಡೀ ದೀಪದ ಬೆಲೆ ಅವಕ್ಕಿಲ್ಲ.

ಲಾಟೀನಿನ ವಿಷಯ ಬೇರೆ. 1902ರಲ್ಲಿ ಶಿವನಸಮುದ್ರದ ಕರೆಂಟು ಕೆಜಿಎಫ್‌ವರೆಗೆ ಹೋಯಿತು. ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಆಮೇಲೆ ಎಷ್ಟೋ ವರ್ಷ ಬುಡ್ಡಿ ದೀಪ, ಲಾಟೀನೇ ಗತಿ. ಹಾಗಾಗಿ ನಮ್ಮ ಕಡೆ ಲಾಟೀನು ಧಾರಾಳವಾಗಿ ಸಿಗುತ್ತದೆ, ಅಪರೂಪ ಅಂದರೆ ನಂಬಬೇಡಿ. ಬೆಲೆ ಇರುವುದು ಒಡೆಯದ ಹಳೇ ಚಿಮಣಿಗೆ, ತುಕ್ಕು ತಿನ್ನದ ಎಣ್ಣೆ ಡಬ್ಬಿಗೆ, ಅಚ್ಚೊತ್ತಿದ ಕಂಪನಿ ಹೆಸರಿಗೆ. 'ವೆಸ್ಟ್ ಜರ್ಮನಿ' ಅಂತಿದ್ದರೆ ಅದು 1949ರ ನಂತರದ್ದು. ಅದನ್ನು ರಾಜರ ಕಾಲದ್ದು ಅಂತ ಮಾರುವವರೂ ಇದ್ದಾರೆ!

ಕುರ್ಚಿ, ಮೇಜು, ಪೆಟ್ಟಿಗೆ

ಡ್ರಾಯರ್ ಪೂರ್ತಿ ಹೊರಗೆಳೆದು ಅಡಿ ನೋಡಿ. ಕೈಯಲ್ಲಿ ತೋಪಡ ಹೊಡೆದ ಹಲಗೆ ಸವರಿದರೆ ಸಣ್ಣ ಏರುಪೇರು ಸಿಗುತ್ತದೆ, ಮೆಷಿನ್ನಿನ ಹಲಗೆ ಸಪಾಟು. ಉಳಿಯಲ್ಲಿ ಕೊರೆದು ಹೆಣೆದ ಮೂಲೆ ಜೋಡಣೆಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಪ್ಲೈವುಡ್ ಅಥವಾ ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಒಂದೋ ಸಾಮಾನು ಈಚಿನದು, ಇಲ್ಲವೇ ರಿಪೇರಿ ಆಗಿದೆ. ದುಂಡು ಮೇಜಿಗೆ ಟೇಪು ಹಿಡಿದು ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಆದ್ದರಿಂದ ನಿಜಕ್ಕೂ ಹಳೇ ಮೇಜು ಪೂರ್ತಿ ದುಂಡಗೆ ಉಳಿದಿರುವುದಿಲ್ಲ.

ಹುಳು ತೂತಿಗೆ ಗುಂಡುಪಿನ್ನು ಚುಚ್ಚಿ. ಹುಳು ಸೊಟ್ಟಕ್ಕೆ ಕೊರೆಯುತ್ತದೆ, ಡ್ರಿಲ್ಲು ನೆಟ್ಟಗೆ. ತಟ್ಟಿದಾಗ ಹೊಸ ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ, ಮನೆಗೆ ತರಬೇಡಿ.

ಬೀಟೆ ಅಂತ ಹೇಳಿ ಬಣ್ಣ ಹಚ್ಚಿದ ಮರ ಕೊಡುವುದು ಮಾಮೂಲು. ಬೀಟೆ ಭಾರ, ನೇರಳೆ ಕಲೆತ ಕಂದು ಮೈ, ಅದರಲ್ಲಿ ಕಪ್ಪು ಗೆರೆ. ಅಡಿಯಲ್ಲಿ ಪಾಲಿಶ್ ಹತ್ತದ ಜಾಗ ಹುಡುಕಿ, ಅಂಗಡಿಯವರನ್ನು ಕೇಳಿ, ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ. ಹತ್ತಿಗೆ ಗಾಢ ಬಣ್ಣ ಬಂದರೆ ಅದು ಬಳಿದ ಬಣ್ಣ ಇರಬಹುದು, ಆದರೆ ನಿಜವಾದ ಬೀಟೆಯೂ ಸ್ಪಿರಿಟ್ಟಿಗೆ ಬಣ್ಣ ಬಿಡುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ಪಾಲಿಶ್ ಮಾಡಿದ ಮೇಲ್ಮೈಗೆ ಮಾತ್ರ ಮುಟ್ಟಿಸಬೇಡಿ, ಹಳೇ ಅರಗಿನ ಪಾಲಿಶ್ ಸ್ಪಿರಿಟ್ಟಿಗೆ ಕರಗಿಬಿಡುತ್ತದೆ.

ಮೈಸೂರಿನ ಇನ್‌ಲೇ ಕೆಲಸದ (ಮರ ಕೊರೆದು ಬೇರೆ ಬಣ್ಣದ ತುಂಡು ಕೂರಿಸಿದ) ಹಳೇ ಮೇಜಿನಲ್ಲಿ ಬಿಳಿ ಭಾಗ ಆನೆ ದಂತ ಇದ್ದರೂ ಇರಬಹುದು. ಎಷ್ಟೇ ಚೆಂದ ಇರಲಿ, ಕೈ ಹಾಕಬೇಡಿ. ದಂತದ ವ್ಯಾಪಾರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಬೆಲೆ ಕೆಳಗಿನಿಂದ ಕಟ್ಟಿ

ಅಂಗಡಿಯವರು ಹೇಳಿದ ಬೆಲೆಯಿಂದ ಇಳಿಯುತ್ತಾ ಬರಬೇಡಿ. ತಳದಿಂದ ಏರುತ್ತಾ ಹೋಗಿ. ದೀಪವಾದರೆ ತೂಗಿ, ಆ ದಿನದ ಹಿತ್ತಾಳೆ ಗುಜರಿ ದರಕ್ಕೆ ಗುಣಿಸಿ. ಅದು ತಳ. ಮರವಾದರೆ ಘನ ಅಡಿ ಲೆಕ್ಕ: 6 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಿಂಚು ದಪ್ಪದ ಹಲಗೆ ಅಂದರೆ ಮುಕ್ಕಾಲು ಘನ ಅಡಿ. ಹಳೇ ತೇಗದ ದರ ಸಾಮಿಲ್ಲಿನಲ್ಲಿ ವಿಚಾರಿಸಿ ಗುಣಿಸಿ.

ಅದರ ಮೇಲೆ ಕೆಲಸದ ಅಂದಕ್ಕೆ ಸೇರಿಸಿ. ದೀಪ ಜೋಡಿಯಾಗಿದ್ದರೆ ಎರಡು ಒಂಟಿ ದೀಪಗಳಿಗಿಂತ ಜಾಸ್ತಿ ಕೊಡಬಹುದು. ಮೇಜಿನ ಮೇಲ್ಭಾಗ ಒಂದೇ ಅಗಲ ಹಲಗೆಯಾದರೂ ಹಾಗೆಯೇ, ಅಂಥ ಮರ ಈಗ ಸಿಗುವುದು ಕಷ್ಟ. ರಿಪೇರಿ ಖರ್ಚು ಕಳೆಯಿರಿ. ಕುರ್ಚಿಗೆ ಬೆತ್ತ ಹೊಸದಾಗಿ ನೇಯಿಸುವುದು ಅಂದುಕೊಂಡಷ್ಟು ಅಗ್ಗವಲ್ಲ. ಬರೀ ವಯಸ್ಸಿಗೆ ನಾನಂತೂ ಒಂದು ರೂಪಾಯಿ ಸೇರಿಸುವುದಿಲ್ಲ. ಹಳೆಯದಾಗಿಯೂ ಸಾಧಾರಣವಾದ ಸಾಮಾನು ಬೇಕಾದಷ್ಟಿದೆ.

ಇಂಟರ್ನೆಟ್ಟಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ, ಕೈಬದಲಾದ ಬೆಲೆಯಲ್ಲ. ಅದಕ್ಕಿಂತ ಅಂಗಡಿಯಲ್ಲೇ ಒಂದು ಪ್ರಶ್ನೆ ಹಾಕಿ: "ಸ್ವಾಮಿ, ವರ್ಷ ಬಿಟ್ಟು ವಾಪಸ್ ತಂದರೆ ಎಷ್ಟಕ್ಕೆ ತಗೊಳ್ತೀರಿ?" ಆ ಉತ್ತರದಲ್ಲಿ ನಿಜ ಜಾಸ್ತಿ ಇರುತ್ತದೆ.

ಮನೆಗೆ ತಂದ ಮೇಲೆ ತಿಕ್ಕಿ ಹೊಳಪು ಬರಿಸುವ ಉಮೇದು ಬೇಡ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಾಗದಪತ್ರ

1972ರ ಪುರಾವಸ್ತು ಕಾಯ್ದೆಯಲ್ಲಿ 100 ವರ್ಷ ದಾಟಿದ ಕಲಾವಸ್ತು, ಕಟ್ಟಡದಿಂದ ಕಿತ್ತ ಭಾಗ ಎಲ್ಲವೂ ಪುರಾವಸ್ತುಗಳು. ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಸಾಮಾನ್ಯ ಜನ ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ, ಅಮೆರಿಕದ ಮಗಳಿಗೆ ಉಡುಗೊರೆಯಾಗಿಯೂ ಇಲ್ಲ. ವಿಗ್ರಹದಂಥ ಕೆಲವನ್ನು ಇಟ್ಟುಕೊಳ್ಳಲು ನೋಂದಣಿ ಬೇಕು. ದೇವಸ್ಥಾನದ ಹೆಸರು ಕೆತ್ತಿದ ದೀಪ ಅಂಗಡಿಯಲ್ಲಿ ಕಂಡರೆ ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳಿ. ಉತ್ತರ ತಡವರಿಸಿದರೆ ಹೊರಟುಬಿಡಿ. ಕೊಂಡಿದ್ದಕ್ಕೆಲ್ಲ ಬಿಲ್ ತಗೊಳ್ಳಿ. ಬಿಲ್ಲಿನಲ್ಲಿ ಬರೀ 'ಹಿತ್ತಾಳೆ ಸಾಮಾನು' ಅಂತ ಬರೆದರೆ ಒಪ್ಪಬೇಡಿ. ಏನು, ಎಷ್ಟು ಎತ್ತರ, ಎಷ್ಟು ತೂಕ, ಯಾವ ಕಾಲದ್ದು ಅಂತ ಹೇಳಿ ಮಾರಿದರು, ಎಲ್ಲ ಬರೆಸಿ. ಬುಡ ಮಗುಚಿದ ಒಂದು ಫೋಟೋವನ್ನೂ ಬಿಲ್ಲಿನ ಜೊತೆ ಇಡಿ.