ದೂರದ ಊರಿನ ಬಾಡಿಗೆ ಮನೆ, ನಾಲ್ಕು ಜನರ ದುಡ್ಡು: ಅಮೆರಿಕದಲ್ಲಿರುವ ಉತ್ತರ ಕನ್ನಡದವರಿಗೆ

ಸ್ಯಾನ್ ಹೋಸೆಯಲ್ಲೋ ಸಿಯಾಟಲ್‌ನಲ್ಲೋ ಕೆಲಸದಲ್ಲಿರುವ ಶಿರಸಿ, ಕುಮಟಾ, ಕಾರವಾರದವರಿಗೆ ತಾವಿರುವ ಊರಲ್ಲೇ ಮನೆ ಕೊಂಡು ಬಾಡಿಗೆಗೆ ಕೊಡುವುದು ಲೆಕ್ಕಕ್ಕೆ ಕೂಡುವುದಿಲ್ಲ. ಬಾಡಿಗೆಗಿಂತ ಸಾಲದ ಕಂತೇ ದೊಡ್ಡದಾಗುತ್ತದೆ. ಹಾಗಾಗಿ ಇಂಡಿಯಾನಾಪೊಲಿಸ್, ಕ್ಲೀವ್‌ಲ್ಯಾಂಡ್‌ನಂಥ ಅಗ್ಗದ ಊರುಗಳ ಕಡೆ ಕಣ್ಣು ಹೋಗುತ್ತದೆ. ಒಬ್ಬರ ಕೈಯಲ್ಲಿ ಮುಂಗಡಕ್ಕೆ ಸಾಲದಿದ್ದಾಗ ಗೆಳೆಯರು, ನೆಂಟರು ಸೇರುತ್ತಾರೆ. ಊರಲ್ಲಿ ಇಂಥ ವ್ಯವಹಾರ ನಡೆಯುವುದು ಮುಖಪರಿಚಯದ ಮೇಲೆ. ಇಲ್ಲಿ ನಡೆಯುವುದು ಕಾಗದದ ಮೇಲೆ. ಯಾವ ಕಾಗದ ಎಷ್ಟು ಭಾರ ಹೊರುತ್ತದೆ ಎಂದು ಗೊತ್ತಿಲ್ಲದೆ ಇಳಿದವರು ದುಡ್ಡಿನ ಜೊತೆ ಸಂಬಂಧವನ್ನೂ ಕಳೆದುಕೊಳ್ಳುತ್ತಾರೆ.

ಪಹಣಿ ಇಲ್ಲದ ದೇಶ

ಊರಲ್ಲಿ ಜಾಗ ತಗೊಳ್ಳುವಾಗ ಪಹಣಿ, ಮ್ಯುಟೇಶನ್, ಇಸಿ ತೆಗೆಸುತ್ತೇವೆ, ಪಕ್ಕದ ತೋಟದವರನ್ನು ವಿಚಾರಿಸುತ್ತೇವೆ. ಅಮೆರಿಕದಲ್ಲಿ ಪಹಣಿಯಂಥ ದಾಖಲೆಯೇ ಇಲ್ಲ. ಕೌಂಟಿಯ ರೆಕಾರ್ಡರ್ ಕಚೇರಿ ತನ್ನ ಮುಂದೆ ಬಂದ ಕ್ರಯಪತ್ರವನ್ನು ದಾಖಲು ಮಾಡಿಕೊಳ್ಳುತ್ತದೆ, ಅಷ್ಟೇ. ಇಂಥವರೇ ಮಾಲೀಕರು ಎಂದು ಅದು ಖಾತರಿ ಕೊಡುವುದಿಲ್ಲ. ಆ ಕೆಲಸ ಟೈಟಲ್ ಕಂಪನಿಯದು. ಅದು ಹಳೆಯ ದಾಖಲೆಗಳನ್ನು ಹುಡುಕಿ, ಒಡೆತನಕ್ಕೆ ವಿಮೆ ಕೊಡುತ್ತದೆ. ಸಾಲ ತಗೊಂಡರೆ ಬ್ಯಾಂಕು ತನ್ನ ಹೆಸರಿನ ಪಾಲಿಸಿಯನ್ನು ನಿಮ್ಮಿಂದಲೇ ಮಾಡಿಸುತ್ತದೆ, ಆದರೆ ಅದು ಬ್ಯಾಂಕನ್ನು ಮಾತ್ರ ಕಾಯುತ್ತದೆ. ಮಾಲೀಕರ ಪಾಲಿಸಿ ಬೇರೆ, ಅದು ಕಡ್ಡಾಯವಲ್ಲ. ಕಂತು ಕಟ್ಟುವುದು ಒಂದೇ ಸಲ, ನೋಂದಣಿಯ ದಿನ. ಅದನ್ನು ಬಿಡಬೇಡಿ.

ಪಾಲಿಸಿಗೆ ಮುಂಚೆ ಬರುವ ವರದಿಯಲ್ಲಿ ಶೆಡ್ಯೂಲ್ ಬಿ ಎಂಬ ಭಾಗವಿದೆ. ಆ ಜಾಗದ ಮಟ್ಟಿಗೆ ವಿಮೆಗೆ ಒಳಪಡದ ಸಂಗತಿಗಳು ಇರುವುದು ಅಲ್ಲೇ: ವಿದ್ಯುತ್ ಕಂಪನಿಯ ತಂತಿ ಹಾಯುವ ಹಕ್ಕು, ಪಕ್ಕದ ಮನೆಯವರ ದಾರಿ, ಬಡಾವಣೆಯ ಕಟ್ಟುಪಾಡು. ಶಿರಸಿ, ಸಿದ್ದಾಪುರ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಸೊಪ್ಪಿನ ಬೆಟ್ಟ ಅಡಿಕೆ ತೋಟದ ಜೊತೆಗೇ ಬರುತ್ತದೆ, ಆದರೆ ಅದು ಸೌಲಭ್ಯವೇ ಹೊರತು ಒಡೆತನವಲ್ಲ. ಇಲ್ಲಿ ಅದು ತಿರುಗುಮುರುಗು: ಜಾಗ ನಿಮ್ಮದು, ಅದರ ಮೇಲಿನ ಸೌಲಭ್ಯ ಬೇರೆಯವರದು.

ಕ್ರಯಪತ್ರದಲ್ಲೂ ಬಗೆಗಳಿವೆ. ವಾರಂಟಿ ಡೀಡ್‌ನಲ್ಲಿ ಮಾರುವವರು ಒಡೆತನಕ್ಕೆ ಹೊಣೆ ಹೊರುತ್ತಾರೆ. ಕ್ವಿಟ್ ಕ್ಲೇಮ್ ಡೀಡ್‌ನಲ್ಲಿ, ನನಗೇನಾದರೂ ಹಕ್ಕಿದ್ದರೆ ಅದನ್ನು ಬಿಟ್ಟುಕೊಟ್ಟೆ ಎಂದಷ್ಟೇ ಬರೆದಿರುತ್ತದೆ. ಹಕ್ಕೇ ಇಲ್ಲದವರೂ ಅದಕ್ಕೆ ಸಹಿ ಹಾಕಬಹುದು. ಅಗ್ಗದ ಮನೆಗೆ ಇಂಥ ಪತ್ರ ಕೊಡಲು ಬಂದವರಿಂದ, ಟೈಟಲ್ ಕಂಪನಿ ವಿಮೆಗೆ ಒಪ್ಪದ ಹೊರತು, ಕೊಳ್ಳಬೇಡಿ.

ಜಾಹೀರಾತಿನ 427 ಡಾಲರ್ ಎಲ್ಲಿ ಹೋಗುತ್ತದೆ

ಇಂಡಿಯಾನಾಪೊಲಿಸ್‌ನಲ್ಲಿ 1,60,000 ಡಾಲರಿನ ಮನೆ, ತಿಂಗಳಿಗೆ 1,450 ಬಾಡಿಗೆ ಎಂದುಕೊಳ್ಳಿ. ಶೇ 25 ಮುಂಗಡ, ಅಂದರೆ 40,000. ಉಳಿದ 1,20,000ಕ್ಕೆ 30 ವರ್ಷದ ಸಾಲ, ಬಡ್ಡಿ ಶೇ 7 ಎಂದು ಹಿಡಿದರೆ ಕಂತು 798. ಮಾರುವವರು ಕೊಟ್ಟ ಹಾಳೆಯಲ್ಲಿ ಆಸ್ತಿ ತೆರಿಗೆ ತಿಂಗಳಿಗೆ 115, ವಿಮೆ 110. ಕಳೆದರೆ 427 ಡಾಲರ್ ಉಳಿತಾಯ.

ಮೊದಲ ತಪ್ಪು ತೆರಿಗೆಯದು. ಇಂಡಿಯಾನಾದಲ್ಲಿ ಮಾಲೀಕರು ತಾವೇ ವಾಸವಿರುವ ಮನೆಗೆ ತೆರಿಗೆಯ ಮಿತಿ ನಿಗದಿತ ಮೌಲ್ಯದ ಶೇ 1, ಬಾಡಿಗೆ ಮನೆಗೆ ಶೇ 2. ಹಾಳೆಯಲ್ಲಿರುವುದು ಅಲ್ಲೇ ವಾಸವಿದ್ದ ಹಿಂದಿನ ಮಾಲೀಕರ ತೆರಿಗೆ. ಮೌಲ್ಯ 1,50,000 ಇದ್ದರೆ ನಿಮ್ಮ ತೆರಿಗೆ ವರ್ಷಕ್ಕೆ 3,000ದ ತನಕ, ತಿಂಗಳಿಗೆ 250. ಅಲ್ಲಿ ತೆರಿಗೆ ಕಟ್ಟುವುದು ಒಂದು ವರ್ಷ ಹಿಂದಿನದ್ದಾದ್ದರಿಂದ ಈ ಏರಿಕೆ ತಡವಾಗಿ ತಗಲುತ್ತದೆ. ಅಷ್ಟರಲ್ಲಿ ಪಾಲುದಾರರಿಗೆ ಮೊದಲ ವರ್ಷದ ಲಾಭ ಹಂಚಿ ಆಗಿರುತ್ತದೆ.

427 ಈಗ 292ಕ್ಕೆ ಬಂತು. ಮನೆ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಗೆ ವಸೂಲಾದ ಬಾಡಿಗೆಯ ಶೇ 8ರಿಂದ 10, ಅಂದಾಜು 130. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಎಂದು ಹಿಡಿದರೆ ತಿಂಗಳಿಗೆ 121. ದುರಸ್ತಿಗೂ ಮುಂದೆ ಬರುವ ಮಾಡು, ಫರ್ನೇಸ್, ಬಿಸಿನೀರಿನ ಟ್ಯಾಂಕ್‌ಗೂ ಬಾಡಿಗೆಯ ಶೇ 10, ಅಂದರೆ 145. ಕೊನೆಗೆ ಕೈಯಿಂದ ತಿಂಗಳಿಗೆ 104 ಡಾಲರ್ ಹಾಕಬೇಕು. ಹೊಸ ಬಾಡಿಗೆದಾರರನ್ನು ಹುಡುಕಿಕೊಡಲು ಕಂಪನಿ ತೆಗೆದುಕೊಳ್ಳುವ ಅರ್ಧದಿಂದ ಒಂದು ತಿಂಗಳ ಬಾಡಿಗೆ ಇದರಲ್ಲಿ ಸೇರಿಲ್ಲ. ಸಾಲ 1,04,000ಕ್ಕೆ ಇಳಿದರೆ ಮಾತ್ರ ಸರಿಸಮ. ಆ 16,000 ಬೆಲೆಯಲ್ಲಿ ಇಳಿಯಬೇಕು, ಇಲ್ಲವೇ ಮುಂಗಡಕ್ಕೆ ಸೇರಬೇಕು. ಪಾಲುದಾರರ ಮುಂದೆ ಇಡಬೇಕಾದ ಹಾಳೆ ಇದು, ಮಾರುವವರದ್ದಲ್ಲ.

ಸಾಲ ಎರಡು ಬಗೆ

ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದ ಸಾಮಾನ್ಯ ಸಾಲ ಸಿಗುವುದು ವ್ಯಕ್ತಿಗಳ ಹೆಸರಿಗೆ, ಎಲ್‌ಎಲ್‌ಸಿ ಎಂಬ ಸೀಮಿತ ಹೊಣೆಯ ಕಂಪನಿಗಲ್ಲ. ಒಂದೇ ಕುಟುಂಬದ ಮನೆಗೆ ಕನಿಷ್ಠ ಮುಂಗಡ ಶೇ 15, ಎರಡರಿಂದ ನಾಲ್ಕು ಮನೆಗಳ ಕಟ್ಟಡಕ್ಕೆ ಶೇ 25. ಮೇಲಿಂದ ಆರು ತಿಂಗಳ ಕಂತಿನಷ್ಟು ದುಡ್ಡು ಖಾತೆಯಲ್ಲಿ ಉಳಿದಿರಬೇಕು. ಬಾಡಿಗೆಯಲ್ಲಿ ಶೇ 75ನ್ನಷ್ಟೇ ಆದಾಯವೆಂದು ಹಿಡಿಯುತ್ತಾರೆ. ಬಾಡಿಗೆ ಮನೆಗೆ ಉಡುಗೊರೆ ದುಡ್ಡನ್ನು ಮುಂಗಡವಾಗಿ ಒಪ್ಪುವುದಿಲ್ಲ, ಅಪ್ಪ ಕೊಟ್ಟದ್ದಾದರೂ ಸರಿ. ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ, ಅದರಲ್ಲಿ ದಿಢೀರನೆ ಬಂದ ದೊಡ್ಡ ಮೊತ್ತಕ್ಕೆಲ್ಲ ಮೂಲ ತೋರಿಸಬೇಕು. ಗೆಳೆಯರಿಂದ ತಂದ ಕೈಸಾಲವನ್ನು ಮುಚ್ಚಿಡುವುದು, ಬಾಡಿಗೆಗೆ ಕೊಡುವ ಮನೆಯನ್ನು ನಾನೇ ವಾಸ ಮಾಡುತ್ತೇನೆಂದು ಬರೆಯುವುದು, ಎರಡೂ ಫೆಡರಲ್ ಅಪರಾಧ. ವೀಸಾ ಮೇಲಿರುವವರಿಗೆ ಇದರ ಬೆಲೆ ಇನ್ನೂ ಹೆಚ್ಚು.

ಇನ್ನೊಂದು ಡಿಎಸ್‌ಸಿಆರ್ ಸಾಲ. ಇದರಲ್ಲಿ ನಿಮ್ಮ ಸಂಬಳ ನೋಡುವುದಿಲ್ಲ. ಬಾಡಿಗೆಯನ್ನು ಕಂತು, ತೆರಿಗೆ, ವಿಮೆಗಳ ಮೊತ್ತದಿಂದ ಭಾಗಿಸಿ ನೋಡುತ್ತಾರೆ. ಮೇಲಿನ ಮನೆಗೆ 1,450ನ್ನು 1,158ರಿಂದ ಭಾಗಿಸಿದರೆ 1.25. ಬಹಳಷ್ಟು ಕಡೆ ಇದು ಪಾಸಾಗುತ್ತದೆ. ಗಮನಿಸಿ: ಕೈಯಿಂದ 104 ಹಾಕಬೇಕಾದ ಮನೆಗೂ ಸಾಲ ಸಿಕ್ಕಿತು! ಸಾಲ ಸಿಗುವುದೇ ಲಾಭದ ಪ್ರಮಾಣಪತ್ರವಲ್ಲ. ಇದು ಎಲ್‌ಎಲ್‌ಸಿ ಹೆಸರಿಗೂ ಸಿಗುತ್ತದೆ, ಬಡ್ಡಿ ಹೆಚ್ಚು. ಅವಧಿಗೆ ಮುಂಚೆ ತೀರಿಸಿದರೆ ದಂಡವೂ ಇರುವುದುಂಟು: ಮೊದಲ ವರ್ಷ ಶೇ 5, ಆಮೇಲೆ 4, 3, 2, 1. ಮೂರು ವರ್ಷಕ್ಕೆ ಮಾರುವ ಯೋಚನೆಯಿದ್ದರೆ ಈ ಷರತ್ತನ್ನು ಸಹಿಗೆ ಮುಂಚೆ ಓದಿ.

ನೆಲದಡಿಯ ಕೊಳವೆ, ಜನವರಿಯ ಹಿಮ

ಫೋಟೊ, ವಿಡಿಯೊ ಕರೆಗಳಲ್ಲಿ ಹೊಸ ಬಣ್ಣ, ಹೊಸ ನೆಲಹಾಸು ಕಾಣುತ್ತದೆ. ಹಳೆ ಊರುಗಳಲ್ಲಿ ದುಡ್ಡು ನುಂಗುವುದು ನೆಲದಡಿಯ ಕೊಳಚೆ ಕೊಳವೆ. 1950ಕ್ಕೆ ಮುಂಚಿನ ಎಷ್ಟೋ ಮನೆಗಳಲ್ಲಿ ಅದು ಸುಟ್ಟ ಮಣ್ಣಿನದು, ಗಿಡ್ಡ ಗಿಡ್ಡ ತುಂಡುಗಳನ್ನು ಜೋಡಿಸಿದ್ದು. ಒಳಗೆ ಕ್ಯಾಮೆರಾ ಬಿಟ್ಟರೆ ಜೋಡಣೆಯ ಸಂದಿನಿಂದ ಕೂದಲಿನಂಥ ಬೇರುಗಳು ಇಳಿಬಿದ್ದದ್ದು, ಅದಕ್ಕೆ ಕಾಗದ, ಜಿಡ್ಡು ಸಿಕ್ಕಿಕೊಂಡದ್ದು ಕಾಣುತ್ತದೆ. ನೀರು ನಿಂತು ಕ್ಯಾಮೆರಾ ಮುಳುಗಿದರೆ ಅಲ್ಲಿ ಕೊಳವೆ ಕುಸಿದು ತಗ್ಗಾಗಿದೆ. ಬೇರು ಕತ್ತರಿಸಿದರೆ ಮತ್ತೆ ಬರುತ್ತದೆ. ತಗ್ಗಿಗೆ ನೆಲ ಅಗೆಯದೆ ಮದ್ದಿಲ್ಲ. ಸಾಮಾನ್ಯ ತಪಾಸಣೆಯಲ್ಲಿ ಇದು ಸೇರಿರುವುದಿಲ್ಲ, ಬೇರೆಯಾಗಿ ಹೇಳಿ ಮಾಡಿಸಬೇಕು. ವಿಡಿಯೊವನ್ನೇ ತರಿಸಿಕೊಂಡು ನೀವೇ ನೋಡಿ. ಫೆಡರಲ್ ಪೆಸಿಫಿಕ್ ಕಂಪನಿಯ ಹಳೆ ವಿದ್ಯುತ್ ಫಲಕ, 1978ಕ್ಕೆ ಮುಂಚಿನ ಮನೆಯ ಸೀಸದ ಬಣ್ಣ, ರೇಡಾನ್ ಅನಿಲ, ಇವನ್ನೂ ಕೇಳಿ. ತಪಾಸಣೆಯ ಷರತ್ತು ಒಪ್ಪಂದದಲ್ಲಿದ್ದರೆ, ಕೊಟ್ಟ ಅವಧಿಯೊಳಗೆ ಹಿಂದೆ ಸರಿದರೆ ಒಪ್ಪಂದದ ವೇಳೆ ಇಟ್ಟ ಠೇವಣಿ ವಾಪಸು ಬರುತ್ತದೆ. ಸಾಮಾನ್ಯವಾಗಿ ಆ ಅವಧಿ ಏಳರಿಂದ ಹತ್ತು ದಿನ.

ಕರಾವಳಿಯವರಿಗೆ ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿಮದ ವಿಷಯ ಹಾಗಲ್ಲ. ಡಿಸೆಂಬರಿನಲ್ಲಿ ಬಾಡಿಗೆದಾರರು ಬಿಟ್ಟುಹೋದರೆ ಗ್ಯಾಸ್ ಅವರ ಹೆಸರಿನಿಂದ ಕಡಿದುಹೋಗುತ್ತದೆ, ಮನೆ ತಣ್ಣಗಾಗುತ್ತದೆ, ಕೊಳವೆಯ ನೀರು ಗಟ್ಟಿಯಾಗಿ ಹಿಗ್ಗಿ ಕೊಳವೆ ಬಿರಿಯುತ್ತದೆ. ಬಿಸಿಲು ಬಂದು ಹಿಮ ಕರಗಿದ ದಿನ ನೀರು ಮೂರು ಕೋಣೆ ತುಂಬಿರುತ್ತದೆ. ಮನೆ ಬೆಚ್ಚಗಿಟ್ಟಿರಲಿಲ್ಲ, ಅಥವಾ 30–60 ದಿನಕ್ಕಿಂತ ಹೆಚ್ಚು ಖಾಲಿ ಇತ್ತು ಎಂದು ವಿಮೆಯವರು ಪರಿಹಾರ ನಿರಾಕರಿಸಬಹುದು. ಮನೆ ಖಾಲಿಯಾದ ದಿನವೇ ಗ್ಯಾಸ್, ಕರೆಂಟು ನಿಮ್ಮ ಹೆಸರಿಗೆ ಬರಬೇಕು, ಒಳಗೆ 55 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು ಎಂದು ಮ್ಯಾನೇಜ್‌ಮೆಂಟ್ ಒಪ್ಪಂದದಲ್ಲೇ ಬರೆಸಿ.

ಆದ್ದರಿಂದ ಮನೆಗಿಂತ ಮೊದಲು ಈ ಕಂಪನಿಯನ್ನು ಹುಡುಕಿ. ಕೊಳ್ಳುವ ಬೀದಿಯ ಹೆಸರು ಹೇಳಿ, ಅಲ್ಲಿ ನೋಡಿಕೊಳ್ಳುತ್ತೀರಾ ಎಂದು ಕೇಳಿ. ಬೇಡ ಎಂದರೆ ಆ ಬೀದಿ ನಿಮಗೂ ಬೇಡ. ದುರಸ್ತಿಯ ಬಿಲ್ಲಿನ ಮೇಲೆ ಎಷ್ಟು ಶೇಕಡಾ ಸೇರಿಸುತ್ತಾರೆ, ಎಷ್ಟು ಡಾಲರ್ ತನಕ ನಿಮ್ಮನ್ನು ಕೇಳದೆ ಖರ್ಚು ಮಾಡಬಹುದು, ಬಿಡಬೇಕಾದರೆ ಎಷ್ಟು ದಿನದ ನೋಟಿಸು, ಎಲ್ಲ ಬರಹದಲ್ಲಿರಲಿ. ಕ್ಲೀವ್‌ಲ್ಯಾಂಡ್‌ನಲ್ಲಿ 2024ರ ಕಾನೂನಿನಂತೆ ಹೊರಗಿನ ಮಾಲೀಕರು ಆ ಭಾಗದಲ್ಲೇ ವಾಸಿಸುವ ಒಬ್ಬರನ್ನು ಹೊಣೆಗಾರರಾಗಿ ಹೆಸರಿಸಲೇಬೇಕು. ಎಚ್-1ಬಿ ಮೇಲಿರುವವರಿಗೆ ಕಂಪನಿ ಇನ್ನೂ ಅಗತ್ಯ: ಬಾಡಿಗೆ ಪಡೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ಮನೆ ನಡೆಸುವುದೇ ಉದ್ಯೋಗದಂತೆ ಆಗಬಾರದು. ಇನ್ನು, ಕನ್ನಡದವರಿಗೆ ಮಾತ್ರ, ಮಕ್ಕಳಿಲ್ಲದವರಿಗೆ ಮಾತ್ರ ಎಂದು ಬೋರ್ಡು ಹಾಕುವಂತಿಲ್ಲ. 1968ರ ಫೇರ್ ಹೌಸಿಂಗ್ ಕಾನೂನು, ನಂತರದ ತಿದ್ದುಪಡಿಗಳ ಸಹಿತ, ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲದೇಶ, ಮಕ್ಕಳಿರುವುದು, ಅಂಗವೈಕಲ್ಯ, ಈ ಏಳರ ಮೇಲೆ ಭೇದ ಮಾಡುವುದನ್ನು ತಡೆಯುತ್ತದೆ.

ಬಹಳಷ್ಟು ಸಲ ನೋಂದಣಿಗೆ ಹೋಗಬೇಕಾಗಿಲ್ಲ, ಆನ್‌ಲೈನ್ ನೋಟರಿ ಮುಂದೆ ಸಹಿ ಆಗುತ್ತದೆ. ಆದರೆ ದುಡ್ಡು ಕಳಿಸುವ ಹಿಂದಿನ ದಿನ, ಖಾತೆ ಸಂಖ್ಯೆ ಬದಲಾಗಿದೆ ಎಂದು ಇಮೇಲ್ ಬಂದರೆ ನಂಬಬೇಡಿ. ಮೋಸಗಾರರು ಟೈಟಲ್ ಕಂಪನಿಯ ಇಮೇಲಿಗೇ ನುಸುಳಿ ಕಾಯುತ್ತಾರೆ. ಆ ಇಮೇಲಿನಲ್ಲಿರುವ ಫೋನಿಗಲ್ಲ, ನೀವು ಬೇರೆ ಕಡೆಯಿಂದ ಹುಡುಕಿದ ಸಂಖ್ಯೆಗೆ ಕರೆ ಮಾಡಿ, ಖಾತೆಯ ಅಂಕಿಗಳನ್ನು ಓದಿಸಿ ಕೇಳಿ.

ಪಾಲುದಾರರ ದುಡ್ಡು

ಇಲ್ಲೇ ನಮ್ಮವರು ಹೆಚ್ಚು ಎಡವುವುದು. ಊರಿನ ಸಹಕಾರಿ ಸಂಘದಲ್ಲಿ ಷೇರು, ಠೇವಣಿ ಇಟ್ಟು ಬೆಳೆದ ನಮಗೆ ಹತ್ತು ಜನರ ದುಡ್ಡು ಒಟ್ಟುಮಾಡುವುದು ಸಹಜ ಅನ್ನಿಸುತ್ತದೆ. ಅಮೆರಿಕದಲ್ಲಿ 1946ರ ಹೌವಿ ಪ್ರಕರಣದ ತೀರ್ಪು ಒಂದು ಅಳತೆಗೋಲು ಕೊಟ್ಟಿದೆ: ಒಂದು ಒಟ್ಟು ಉದ್ಯಮಕ್ಕೆ ಜನ ದುಡ್ಡು ಹಾಕಿ, ಬೇರೆಯವರ ದುಡಿಮೆಯಿಂದ ಲಾಭ ಬರುತ್ತದೆಂದು ಕಾಯುತ್ತಿದ್ದರೆ ಅದು ಸೆಕ್ಯುರಿಟಿ. ಅಂದರೆ ಷೇರು ಮಾರಿದ ಹಾಗೇ. ಇಬ್ಬರು ಗೆಳೆಯರು ಸಮ ದುಡ್ಡು ಹಾಕಿ ಎಲ್ಲ ತೀರ್ಮಾನವನ್ನೂ ಒಟ್ಟಿಗೆ ಮಾಡಿದರೆ ಇದು ತಾಗುವ ಸಂಭವ ಕಡಿಮೆ. ನೀವು ಮನೆ ಹುಡುಕಿ, ಆರು ಜನ ದುಡ್ಡು ಕೊಟ್ಟು ಸುಮ್ಮನಿದ್ದರೆ ತಾಗುತ್ತದೆ, ಎಲ್‌ಎಲ್‌ಸಿ ಮಾಡಿದರೂ.

ಆಗ ಹೆಚ್ಚಿನವರು ಹಿಡಿಯುವ ದಾರಿ ರೆಗ್ಯುಲೇಶನ್ ಡಿ, ಅಂದರೆ ಸೆಕ್ಯುರಿಟಿಯನ್ನು ಸರಕಾರದಲ್ಲಿ ನೋಂದಾಯಿಸದೆಯೇ ಮಾರಲು ಇರುವ ವಿನಾಯಿತಿ. ಅದರ 506(ಬಿ)ಯಲ್ಲಿ ಸಾರ್ವಜನಿಕ ಪ್ರಚಾರ ಕೂಡದು, ಮೊದಲಿನಿಂದ ನಿಜವಾದ ಒಡನಾಟ ಇದ್ದವರನ್ನು ಮಾತ್ರ ಕೇಳಬಹುದು. ಅಕ್ರೆಡಿಟೆಡ್ ಅಲ್ಲದವರು 35 ಜನ ಮೀರಬಾರದು. 506(ಸಿ)ಯಲ್ಲಿ ಪ್ರಚಾರ ಮಾಡಬಹುದು, ಆದರೆ ಎಲ್ಲರೂ ಅಕ್ರೆಡಿಟೆಡ್ ಆಗಿರಬೇಕು, ಅದನ್ನು ಪರಿಶೀಲಿಸಬೇಕು. ಅಕ್ರೆಡಿಟೆಡ್ ಅಂದರೆ ಹಿಂದಿನ ಎರಡು ವರ್ಷ ಒಬ್ಬರ ಆದಾಯ 2 ಲಕ್ಷ ಡಾಲರ್, ದಂಪತಿಗೆ 3 ಲಕ್ಷ ದಾಟಿ ಈ ವರ್ಷವೂ ಹಾಗೇ ಇರುವಂಥವರು, ಅಥವಾ ವಾಸದ ಮನೆ ಬಿಟ್ಟು 10 ಲಕ್ಷಕ್ಕೂ ಮಿಕ್ಕಿ ನಿವ್ವಳ ಆಸ್ತಿ ಇರುವವರು. ಮೊದಲ ಪಾಲು ಮಾರಿದ 15 ದಿನದೊಳಗೆ ಫಾರ್ಮ್ ಡಿ ಎಂಬ ತಿಳಿವಳಿಕೆ ಪತ್ರ ಸಲ್ಲಿಸಬೇಕು. ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ, ಶೇ 12 ಖಚಿತ, ಯಾರು ಸೇರುತ್ತೀರಿ ಎಂದು ಹಾಕಿದರೆ 506(ಬಿ) ಅಲ್ಲಿಗೇ ಕೈತಪ್ಪುತ್ತದೆ. ಇದಕ್ಕೆ ವಕೀಲರ ಖರ್ಚು ಇದೆ. ಒಂದು ಸಣ್ಣ ಮನೆಗೆ ಅದು ಗಿಟ್ಟುವುದಿಲ್ಲ. ಹಾಗಾಗಿ ಒಂದೇ ಮನೆಯಾದರೆ ಇಬ್ಬರು, ಹೆಚ್ಚೆಂದರೆ ಮೂವರು, ಎಲ್ಲರಿಗೂ ಮತ ಇರಲಿ.

ಒಪ್ಪಂದದಲ್ಲಿ ಲಾಭದ ಪಾಲನ್ನು ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಬೇರೆಯದು. ಹೊಸ ಮಾಡಿಗೆ 12,000 ಬೇಕಾದಾಗ ಒಬ್ಬರು ಕೊಡದಿದ್ದರೆ ಅವರ ಪಾಲು ಎಷ್ಟು ಇಳಿಯುತ್ತದೆ? ಒಬ್ಬರು ಊರಿಗೆ ಮರಳಿದರೆ ಅವರ ಪಾಲಿಗೆ ಬೆಲೆ ಕಟ್ಟುವವರು ಯಾರು, ಎಷ್ಟು ದಿನದಲ್ಲಿ ಕೊಡಬೇಕು? ತೀರಿಹೋದರೆ? ವಿಚ್ಛೇದನವಾದರೆ? ಸಾಲಕ್ಕೆ ಜಾಮೀನು ನಿಂತವರಿಗೆ ಹೆಚ್ಚು ಪಾಲು ಇದೆಯೇ? ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಂಥ ರಾಜ್ಯದವರಾದರೆ ಹೆಂಡತಿ ಅಥವಾ ಗಂಡನ ಸಹಿಯನ್ನೂ ಹಾಕಿಸಿ, ಮದುವೆಯ ನಂತರದ ಗಳಿಕೆ ಅಲ್ಲಿ ಇಬ್ಬರದೂ. ಎಲ್‌ಎಲ್‌ಸಿಯಲ್ಲಿ ಇಬ್ಬರಿದ್ದರೆ ಪ್ರತಿ ಮಾರ್ಚ್ 15ರೊಳಗೆ ಪಾಲುದಾರಿಕೆಯ ತೆರಿಗೆ ರಿಟರ್ನ್ ಫಾರ್ಮ್ 1065, ಪ್ರತಿಯೊಬ್ಬರಿಗೆ ಅವರ ಪಾಲಿನ ಲೆಕ್ಕ ತೋರಿಸುವ ಕೆ-1. ತಡವಾದರೆ ದಂಡ ತಿಂಗಳಿಗೆ, ತಲೆಗೆ ಲೆಕ್ಕ.

ಪಾಲು ಬೇಡ, ಬಡ್ಡಿ ಸಾಕು ಎನ್ನುವ ಗೆಳೆಯರಿದ್ದರೆ ಪ್ರಾಮಿಸರಿ ನೋಟ್, ಅಂದರೆ ಸಾಲಪತ್ರ, ಬರೆದು, ಅಡಮಾನವನ್ನು ಕೌಂಟಿಯಲ್ಲಿ ದಾಖಲು ಮಾಡಿಸಿ, ವಿಮೆಯಲ್ಲಿ ಅವರ ಹೆಸರು ಸೇರಿಸಿ. ದಾಖಲಾಗದ ನೋಟು ಮನೆ ಮಾರುವ ದಿನ ಯಾರಿಗೂ ಕಾಣುವುದಿಲ್ಲ.

ಊರಿಂದ ಬರುವ ದುಡ್ಡು, ಊರಿಗೆ ಮರಳುವಾಗ

ಭಾರತದಲ್ಲಿ ವಾಸಿಸುವ ಅಪ್ಪ, ಅಮ್ಮ ತಲಾ ವರ್ಷಕ್ಕೆ 2,50,000 ಡಾಲರ್ ತನಕ ಆರ್‌ಬಿಐನ ಉದಾರೀಕೃತ ಯೋಜನೆಯಲ್ಲಿ ಕಳಿಸಬಹುದು. ಅನಿವಾಸಿಯಾದ ನೀವು ಪಿತ್ರಾರ್ಜಿತ ಜಾಗ ಮಾರಿದರೆ ದುಡ್ಡು ಎನ್‌ಆರ್‌ಒ ಖಾತೆಗೆ ಬಂದು, ತೆರಿಗೆ ತೀರಿಸಿದ ಮೇಲೆ ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ತರಬಹುದು. ಅಪ್ಪ, ಅಮ್ಮನ ಉಡುಗೊರೆ ಒಂದು ವರ್ಷದಲ್ಲಿ ಒಟ್ಟು 1 ಲಕ್ಷ ಡಾಲರ್ ದಾಟಿದರೆ ಅಮೆರಿಕದಲ್ಲಿ ಫಾರ್ಮ್ 3520 ಕೊಡಬೇಕು. ಅದಕ್ಕೆ ತೆರಿಗೆಯಿಲ್ಲ, ಕೊಡದಿದ್ದರೆ ದಂಡ ಉಡುಗೊರೆಯ ಶೇ 25ರ ತನಕ ಹೋಗುತ್ತದೆ.

ಗ್ರೀನ್ ಕಾರ್ಡ್ ಇಲ್ಲದೆ ಶಿರಸಿಗೆ ಮರಳಿದರೆ ಮನೆ ಇಟ್ಟುಕೊಳ್ಳಲು ಭಾರತದ ವಿದೇಶಿ ವಿನಿಮಯ ಕಾನೂನಾದ ಫೆಮಾದಲ್ಲಿ ಅಡ್ಡಿಯಿಲ್ಲ. ಅಮೆರಿಕದ ಲೆಕ್ಕದಲ್ಲಿ ನೀವು ಅನಿವಾಸಿಯಾದ ಮೇಲೆ ಮಾತ್ರ ಒಟ್ಟು ಬಾಡಿಗೆಯ ಶೇ 30 ಕಡಿತವಾಗುತ್ತದೆ, ಖರ್ಚು ಕಳೆಯುವ ಮುಂಚೆಯೇ. ಮ್ಯಾನೇಜ್‌ಮೆಂಟ್ ಕಂಪನಿಗೆ ಡಬ್ಲ್ಯು-8ಇಸಿಐ ಫಾರ್ಮ್ ಕೊಟ್ಟು, ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ಹಿಡಿಯುವ ಆಯ್ಕೆಯನ್ನು ರಿಟರ್ನ್‌ನಲ್ಲಿ ಮಾಡಿದರೆ ಖರ್ಚು ಕಳೆದು ಉಳಿದ ಲಾಭಕ್ಕಷ್ಟೇ ತೆರಿಗೆ. ಮಾರುವಾಗ, ವಿದೇಶಿಯರು ಮಾರುವ ಆಸ್ತಿಯ ತೆರಿಗೆಗಿರುವ ಫರ್ಪ್ಟಾ ನಿಯಮದಂತೆ ಸಾಮಾನ್ಯವಾಗಿ ಮಾರಾಟದ ಬೆಲೆಯ ಶೇ 15 ಹಿಡಿದಿಡುತ್ತಾರೆ, ನಷ್ಟದಲ್ಲಿ ಮಾರಿದರೂ. ಅದನ್ನು ಕಡಿಮೆ ಮಾಡಿಸುವ ಅರ್ಜಿ 8288-ಬಿ. ಅದು ನೋಂದಣಿಯ ದಿನ ಅಥವಾ ಅದಕ್ಕೆ ಮುಂಚೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಹೋಗಿರಬೇಕು. ತಪ್ಪಿದರೆ ಆ ದುಡ್ಡಿಗೆ ರಿಟರ್ನ್ ಸಲ್ಲಿಸುವ ತನಕ ಕಾಯಬೇಕು.