ಪಟರ್‌ನ ತೂಕ, ಗ್ರೀನ್‌ನ ವೇಗ: ನನ್ನ ಅನುಭವ

ಕೋಲಾರದಲ್ಲಿ ಗಾಲ್ಫ್‌ನ ನಿಧಾನವಾದ ಗ್ರೀನ್ (ಕುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಹಾಸು) ಮೇಲೆ ಅಭ್ಯಾಸ ಮಾಡುವ ನಾನು ಬೆಂಗಳೂರಿಗೆ ಹೋಗಿ ಆಡಿದಾಗಲೆಲ್ಲ, ಚೆಂಡು ಕುಳಿಯನ್ನು ದಾಟಿ ನಾಲ್ಕೈದು ಅಡಿ ಮುಂದಕ್ಕೆ ಉರುಳಿಹೋಗುತ್ತಿತ್ತು. ದೋಷ ಚೆಂಡನ್ನು ಕುಳಿಯತ್ತ ಉರುಳಿಸುವ ಕೋಲಾದ ಪಟರ್‌ನದೆಂದು ಭಾವಿಸಿ, 350 ಗ್ರಾಂ ತೂಕದ ಅದರ ತಲೆಯ ಅಡಿಗೆ ಸೀಸದ ಪಟ್ಟಿಗಳನ್ನು ಅಂಟಿಸಿ ತೂಕವನ್ನು 365 ಗ್ರಾಂಗೆ ಏರಿಸಿದೆ. ಮಣಿಕಟ್ಟಿನ ಅಲುಗಾಟ ತಗ್ಗಿ ಹೊಡೆತ ನೇರವಾಯಿತು, ಅದು ನಿಜವಾದ ಲಾಭವೇ; ದೂರದ ಅಂದಾಜು ಮಾತ್ರ ತಪ್ಪುತ್ತಲೇ ಇತ್ತು.

ಗ್ರೀನ್‌ನ ವೇಗವನ್ನು ಅಳೆಯುವ ಸ್ಟಿಂಪ್‌ಮೀಟರ್‌ನ ಲೆಕ್ಕ ತಿಳಿದ ಮೇಲೆ ಕಾರಣ ಹೊಳೆಯಿತು. ಅದರ ಇಳಿಜಾರಿನಿಂದ ಬಿಟ್ಟ ಚೆಂಡು ಸಮತಟ್ಟಾದ ಹುಲ್ಲಿನ ಮೇಲೆ ಎಷ್ಟು ಅಡಿ ಉರುಳುವುದೋ ಅದೇ ಗ್ರೀನ್‌ನ ವೇಗ. ಆದ್ದರಿಂದ, ವೇಗ 8 ಇರುವಲ್ಲಿ ಎಂಟು ಅಡಿ ಸಾಗುವ ಹೊಡೆತವೇ ವೇಗ 11 ಇರುವಲ್ಲಿ ಹನ್ನೊಂದು ಅಡಿ ಸಾಗುತ್ತದೆ.

ಈಗ ಆಟಕ್ಕೆ ಮೊದಲು ಮೂರು ಚೆಂಡುಗಳನ್ನಿಟ್ಟು, ಪಟರನ್ನು ಬಲಗಾಲಿನ ಹೆಬ್ಬೆರಳಿನವರೆಗೆ ಮಾತ್ರ ಹಿಂದಕ್ಕೆಳೆದು ಹೊಡೆದು, ಅವು ನಿಂತ ದೂರವನ್ನು ಹೆಜ್ಜೆಯಲ್ಲಿ ಅಳೆಯುತ್ತೇನೆ. ಹೊಡೆತದ ಲಯವನ್ನು ಬದಲಿಸದೆ, ಹಿಂದಕ್ಕೆಳೆಯುವ ಅಳತೆಯನ್ನಷ್ಟೇ ಹೆಚ್ಚುಕಡಿಮೆ ಮಾಡುತ್ತೇನೆ. ಇಬ್ಬನಿ ಆರಿದ ಮೇಲೆ ವೇಗ ಏರುವುದರಿಂದ, ಬೆಳಗಿನ ಆ ಅಳತೆಯನ್ನು ಮಧ್ಯಾಹ್ನಕ್ಕೆ ನಂಬುವುದಿಲ್ಲ.